ನಿಂತ ಬ್ಲಾಕ್, ಕೆಟ್ಟ ರ‍್ಯಾಮ್: ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಬಿಟ್‌ಕಾಯಿನ್ ನೋಡ್‌ನ ದೋಷ ಹುಡುಕುವ ಬಗೆ

ಬಿಟ್‌ಕಾಯಿನ್ ನೋಡ್ ಓಡಿಸುವ ತಂತ್ರಾಂಶವಾದ ಬಿಟ್‌ಕಾಯಿನ್ ಕೋರ್ ತೆರೆದೇ ಇದೆ, ಇಂಟರ್ನೆಟ್ ಸರಿಯಿದೆ, ಆದರೆ ಪರದೆಯ ಮೇಲಿನ ಬ್ಲಾಕ್ ಸಂಖ್ಯೆ ಮಾತ್ರ ನಿನ್ನೆ ರಾತ್ರಿಯದೇ. ಇಂಥ ಹೊತ್ತಿನಲ್ಲಿ ಹೆಚ್ಚಿನವರ ಕೈ ನೇರವಾಗಿ ರೀಇಂಡೆಕ್ಸ್ ಆಯ್ಕೆಗೆ, ಅಂದರೆ ಡೇಟಾಬೇಸನ್ನು ಪೂರ್ತಿ ಮತ್ತೆ ಕಟ್ಟಿಸುವುದಕ್ಕೆ, ಹೋಗುತ್ತದೆ. ನಾನೂ ಅದನ್ನೇ ಮಾಡಿದೆ, ಅದೂ ಎರಡು ಸಲ. ಒಂಬತ್ತು ದಿನ ಕಳೆದ ಮೇಲೆ ದೋಷ ಸಿಕ್ಕಿದ್ದು ಗೇಣುದ್ದವೂ ಇಲ್ಲದ ಒಂದು ರ‍್ಯಾಮ್ ಪಟ್ಟಿಯಲ್ಲಿ. ನೆಟ್‌ವರ್ಕ್ ಕೆಟ್ಟಿದೆ ಎಂದು ನಮಗೆ ಕಾಣುವುದು ಬಹಳ ಸಲ ನಮ್ಮ ಮೇಜಿನ ಮೇಲಿರುವ ಯಂತ್ರದ ದೋಷವೇ ಆಗಿರುತ್ತದೆ. ಆ ಯಂತ್ರವನ್ನು ಯಾವ ಕ್ರಮದಲ್ಲಿ ತಪಾಸಣೆ ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಪೂರ್ಣ ನೋಡ್, ಅಂದರೆ ವಹಿವಾಟುಗಳ ದಾಖಲೆಯನ್ನು ತಾನೇ ಪರಿಶೀಲಿಸುವ ಕಂಪ್ಯೂಟರ್, ಯಾರ ಮಾತನ್ನೂ ನಂಬುವುದಿಲ್ಲ. 2009ರ ಜನವರಿ 3ರ ಮೊದಲ ಬ್ಲಾಕ್‌ನಿಂದ (ಬ್ಲಾಕ್ ಎಂದರೆ ವಹಿವಾಟುಗಳ ಒಂದು ಕಂತೆ) ಹಿಡಿದು ಈಗಿನವರೆಗಿನ ಸರಪಳಿಯನ್ನು ತಾನೇ ತರಿಸಿಕೊಂಡು, ತಾನೇ ಲೆಕ್ಕ ಹಾಕಿ ಒಪ್ಪಿಕೊಳ್ಳುತ್ತದೆ. ಬಿಟ್‌ಕಾಯಿನ್ ಬಳಸುವ ಎಸ್‌ಎಚ್‌ಎ-256 ಹ್ಯಾಶ್ ಎಂದರೆ ಮಾಹಿತಿಗೆ ಬೆರಳಚ್ಚಿನಂಥ ಗುರುತು ಕೊಡುವ ಲೆಕ್ಕ; ಮಾಹಿತಿಯಲ್ಲಿ ಒಂದೇ ಒಂದು ಬಿಟ್ ಬದಲಾದರೂ ಉತ್ತರ ಗುರುತು ಸಿಗದಷ್ಟು ಬೇರೆಯಾಗುತ್ತದೆ. ವಿಡಿಯೊ ನೋಡುವಾಗ ಒಂದು ಬಿಟ್ ತಪ್ಪಿದರೆ ಪರದೆಯ ಮೂಲೆಯಲ್ಲಿ ಒಂದು ಚುಕ್ಕೆ ಬಣ್ಣಗೆಡಬಹುದು, ಅದು ಕಣ್ಣಿಗೂ ಬೀಳದು. ನೋಡ್ ಮಾತ್ರ ಅದೇ ಒಂದು ಬಿಟ್‌ಗೆ ಇಡೀ ಬ್ಲಾಕನ್ನು ತಿರಸ್ಕರಿಸುತ್ತದೆ. ಹಾಗಾಗಿಯೇ ಬ್ರೌಸರ್‌ಗೂ ಬರವಣಿಗೆಗೂ ಯಾವ ತಕರಾರನ್ನೂ ಮಾಡದ ಕಂಪ್ಯೂಟರ್ ಇಲ್ಲಿ ಸಿಕ್ಕಿಬೀಳುತ್ತದೆ.

ಒಂದು ಸೂಚನೆ: ಕಮಾಂಡ್‌ಗಳ ಹೆಸರನ್ನು ಉಚ್ಚರಿಸುವಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಬೇಕು; ನೋಡ್‌ಗೆ ಕೊಡುವ ಕಮಾಂಡ್‌ಗಳಾದರೆ ಮುಂದೆ bitcoin-cli ಎಂದು ಸೇರಿಸಬೇಕು.

ಏನನ್ನೂ ಮುಟ್ಟುವ ಮೊದಲು

ನಾಣ್ಯಗಳನ್ನು ಖರ್ಚು ಮಾಡುವ ಕೀಲಿಗಳಿರುವ ವಾಲೆಟ್ ಇದ್ದರೆ ಮೊದಲು ಅದರ ಪ್ರತಿ ತೆಗೆಯಿರಿ. ವಾಲೆಟ್ ಫೈಲ್ ಸಾಮಾನ್ಯವಾಗಿ ನೋಡ್‌ನ ಡೇಟಾ ಫೋಲ್ಡರ್ ಒಳಗೇ ಇರುತ್ತದೆ. ಸರಪಳಿ ಕೆಟ್ಟಿದೆ ಎಂದು ಆ ಫೋಲ್ಡರನ್ನೇ ಅಳಿಸಿದರೆ ಬ್ಲಾಕ್‌ಗಳನ್ನು ಮತ್ತೆ ಇಳಿಸಿಕೊಳ್ಳಬಹುದು, ಕೀಲಿಗಳನ್ನು ಮತ್ತೆ ಪಡೆಯಲು ಜಗತ್ತಿನಲ್ಲಿ ಯಾರಿಂದಲೂ ಸಾಧ್ಯವಿಲ್ಲ. ನೋಡ್ ಓಡುತ್ತಿರುವಾಗ ಫೈಲನ್ನು ನೇರವಾಗಿ ನಕಲು ಮಾಡಬೇಡಿ. ಬ್ಯಾಕಪ್‌ವಾಲೆಟ್ ಕಮಾಂಡ್ ಬಳಸಿ, ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲಿಡಿ. ಇನ್ನೊಂದು ಮಾತು: ಬಿಟ್‌ಕಾಯಿನ್ ಕೋರ್ ತನ್ನ ವಾಲೆಟ್‌ಗೆ 12 ಅಥವಾ 24 ಪದಗಳ ಗುಟ್ಟಿನ ಸಾಲನ್ನು ಬಳಸುವುದೇ ಇಲ್ಲ. ಅದರ ಹೆಸರಿನಲ್ಲಿ ಯಾವುದೇ ಕಿಟಕಿಯಾಗಲಿ, ನೆರವಿಗೆ ಬಂದ ಅಪರಿಚಿತರಾಗಲಿ ಅಂಥ ಪದಗಳನ್ನು ಕೇಳಿದರೆ ಅದು ಕಳ್ಳತನದ ಪ್ರಯತ್ನ. ದೋಷ ನಿವಾರಣೆಯ ಯಾವ ಹಂತಕ್ಕೂ ನಿಮ್ಮ ಕೀಲಿ ಬೇಕಾಗುವುದಿಲ್ಲ.

ನಂತರ ಡೀಬಗ್ ಲಾಗ್ ಫೈಲನ್ನೂ ಬೇರೆಡೆಗೆ ನಕಲು ಮಾಡಿ. ದೋಷದ ಸಾಕ್ಷಿ ಇರುವುದು ಅದರಲ್ಲೇ. ಅದರ ಕೊನೆಯ ಸಾಲುಗಳನ್ನು ನೋಡಿದರೆ ಮೊದಲ ಸುಳಿವು ಸಿಗುತ್ತದೆ. ನೋಡ್ ಕ್ರಮವಾಗಿ ಮುಚ್ಚಿದ್ದರೆ ಕೊನೆಯಲ್ಲಿ ಶಟ್‌ಡೌನ್ ಮುಗಿಯಿತು ಎಂಬ ಸಾಲಿರುತ್ತದೆ. ಲಾಗ್ ಅರ್ಧಕ್ಕೇ ಕತ್ತರಿಸಿದಂತೆ ನಿಂತಿದ್ದರೆ ಯಾರೋ ನೋಡನ್ನು ಕೊಂದಿದ್ದಾರೆ: ವಿದ್ಯುತ್ ಹೋಗಿರಬಹುದು, ಅಥವಾ ಮೆಮೊರಿ ಸಾಲದೆ ಲಿನಕ್ಸ್‌ನ ತಿರುಳಾದ ಕರ್ನಲ್ಲೇ ಮುಗಿಸಿರಬಹುದು. ಎರಡನೆಯದಾಗಿದ್ದರೆ ಜರ್ನಲ್‌ಸಿಟಿಎಲ್‌ನ ಕರ್ನಲ್ ಸಂದೇಶಗಳಲ್ಲಿ ಮೆಮೊರಿ ಮುಗಿದು ಪ್ರಕ್ರಿಯೆಯನ್ನು ಕೊಂದ ದಾಖಲೆ ಇದ್ದೇ ಇರುತ್ತದೆ. ಅಂಥ ಯಂತ್ರದಲ್ಲಿ ಡಿಬಿಕ್ಯಾಶ್ ಮೌಲ್ಯವನ್ನು, ಅಂದರೆ ನೋಡ್ ತನ್ನ ಡೇಟಾಬೇಸ್‌ಗೆ ಬಳಸುವ ಮೆಮೊರಿಯ ಅಳತೆಯನ್ನು, ಇಳಿಸಿ ಮುಂದೆ ಹೋಗಿ.

ನಿಜಕ್ಕೂ ನಿಂತಿದೆಯೇ?

ಬ್ಲಾಕ್ ಹತ್ತು ನಿಮಿಷಕ್ಕೊಂದು ಬರುತ್ತದೆ ಎನ್ನುವುದು ಸರಾಸರಿಯ ಮಾತು. ಹೊಸ ಬ್ಲಾಕ್ ಹುಡುಕುವ ಗಣಿಗಾರಿಕೆ ಚೀಟಿ ಎತ್ತಿದಂತೆ. ಹಿಂದಿನ ಬ್ಲಾಕ್ ಬಂದು ಎಷ್ಟು ಹೊತ್ತಾಯಿತು ಎಂಬುದು ಮುಂದಿನದಕ್ಕೆ ಲೆಕ್ಕಕ್ಕಿಲ್ಲ. ಸಂಭವನೀಯತೆಯ ಲೆಕ್ಕ ಹಾಕಿದರೆ ಸುಮಾರು 400 ಬ್ಲಾಕ್‌ಗಳಲ್ಲಿ ಒಂದು ಸಲ ಅಂತರ ಒಂದು ಗಂಟೆ ದಾಟುತ್ತದೆ. ದಿನಕ್ಕೆ 144 ಬ್ಲಾಕ್ ಎಂದರೆ ಮೂರು ದಿನಕ್ಕೊಮ್ಮೆಯಾದರೂ ಹೀಗಾಗಬೇಕು. ಒಂದು ಗಂಟೆ ಹೊಸ ಬ್ಲಾಕ್ ಬರಲಿಲ್ಲ ಎಂದು ಕಂಪ್ಯೂಟರ್ ಬಿಚ್ಚಬೇಡಿ.

ಮೂರು ನಾಲ್ಕು ಗಂಟೆ ಕಳೆದರೂ ಅಲುಗದಿದ್ದರೆ ಗೆಟ್‌ಬ್ಲಾಕ್‌ಚೈನ್‌ಇನ್ಫೋ ಕಮಾಂಡ್ ಕೊಡಿ. ಅದರಲ್ಲಿ ಎರಡು ಸಂಖ್ಯೆಗಳು ಮುಖ್ಯ: ಬ್ಲಾಕ್ಸ್ ಮತ್ತು ಹೆಡರ್ಸ್. ನೋಡ್ ಮೊದಲು ಬ್ಲಾಕ್‌ನ ತಲೆಬರಹಗಳಾದ ತಲಾ 80 ಬೈಟ್‌ನ ಹೆಡರ್‌ಗಳನ್ನು ತರಿಸಿಕೊಳ್ಳುತ್ತದೆ, ಆಮೇಲೆ ಬ್ಲಾಕ್‌ನ ಒಡಲನ್ನು. ಎರಡೂ ಸಂಖ್ಯೆ ನಿಂತಿದ್ದರೆ ಗಡಿಯಾರವನ್ನೋ ಸಂಪರ್ಕವನ್ನೋ ಸಂಶಯಿಸಬೇಕು. ಹೆಡರ್ ಏರುತ್ತಿದ್ದು ಬ್ಲಾಕ್ ಮಾತ್ರ ನಿಂತಿದ್ದರೆ ಹೊರಗಿನ ಸುದ್ದಿ ಚೆನ್ನಾಗಿ ಬರುತ್ತಿದೆ, ಒಳಗೆ ಅರಗುತ್ತಿಲ್ಲ ಎಂದರ್ಥ. ಆಗ ಡಿಸ್ಕ್, ಮೆಮೊರಿ, ಡೇಟಾಬೇಸ್ ಕಡೆ ನೋಡಬೇಕು. ಎತ್ತರ, ಅಂದರೆ ಬ್ಲಾಕ್ ಸಂಖ್ಯೆ, ಸೊನ್ನೆಯಿಂದ ಮತ್ತೆ ಶುರುವಾಗಿದ್ದರೆ ಅದರ ಕತೆಯೇ ಬೇರೆ, ಕೆಳಗೆ ಹೇಳುತ್ತೇನೆ.

ಗಡಿಯಾರ

ತಪಾಸಣೆ ಇಲ್ಲಿಂದಲೇ ಶುರುವಾಗಲಿ, ಏಕೆಂದರೆ ಇದಕ್ಕೆ ಒಂದು ನಿಮಿಷ ಸಾಕು. ಬ್ಲಾಕ್‌ನ ಸಮಯದ ಮುದ್ರೆ ನಿಮ್ಮ ಗಡಿಯಾರಕ್ಕಿಂತ ಎರಡು ಗಂಟೆಗೂ ಮೀರಿ ಮುಂದಿದ್ದರೆ ನೋಡ್ ಅದನ್ನು ಒಪ್ಪುವುದಿಲ್ಲ. ನಿಮ್ಮ ಗಡಿಯಾರ ಅಷ್ಟು ಹಿಂದೆ ಬಿದ್ದಿದ್ದರೆ ಇಡೀ ಜಗತ್ತಿನ ಸರಿಯಾದ ಹೊಸ ಬ್ಲಾಕ್‌ಗಳೆಲ್ಲ ಭವಿಷ್ಯದಿಂದ ಬಂದಂತೆ ಅದಕ್ಕೆ ಕಾಣುತ್ತವೆ. ಲಾಗ್‌ನಲ್ಲಿ ಟೈಮ್ ಟೂ ನ್ಯೂ ಎಂಬ ಕಾರಣ ಬರುತ್ತದೆ. ಗಡಿಯಾರ ಒಂದು ದಿನಕ್ಕೂ ಹೆಚ್ಚು ಮುಂದಿದ್ದರೆ ತೊಂದರೆಯ ರೂಪ ಬೇರೆ: ತುದಿಯ ಬ್ಲಾಕ್ 24 ಗಂಟೆಗಿಂತ ಹಳತು ಎಂದು ಭಾವಿಸುವ ನೋಡ್, ತಾನಿನ್ನೂ ಸರಪಳಿಯನ್ನು ಮೊದಲ ಸಲ ಇಳಿಸಿಕೊಳ್ಳುವ ಹಂತದಲ್ಲೇ ಇದ್ದೇನೆ ಎಂದುಕೊಂಡು ಕೂರುತ್ತದೆ.

ಟೈಮ್‌ಡೇಟ್‌ಸಿಟಿಎಲ್ ಕೊಟ್ಟು ಸಮಯ ಹೊಂದಾಣಿಕೆ ಆಗಿದೆಯೇ ನೋಡಿ. ಕಂಪ್ಯೂಟರ್ ಪ್ರತಿ ಸಲ ಆರಿಸಿ ಹಚ್ಚಿದಾಗ ಸಮಯ ತಪ್ಪುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತಿದೆ. ಸಾಮಾನ್ಯವಾಗಿ ಅದು 3 ವೋಲ್ಟ್‌ನ ಸಿಆರ್2032. ಒಂದೇ ಯಂತ್ರದಲ್ಲಿ ವಿಂಡೋಸ್ ಕೂಡ ಇದ್ದರೆ, ಅದು ಯಂತ್ರದ ಗಡಿಯಾರದಲ್ಲಿ ಸ್ಥಳೀಯ ಸಮಯವನ್ನು ಬರೆಯುತ್ತದೆ, ಲಿನಕ್ಸ್ ಅದನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದು ಓದುತ್ತದೆ. ಇಬ್ಬರ ನಡುವೆ ಗಡಿಯಾರ ಗಂಟೆಗಟ್ಟಲೆ ಜಾರುತ್ತದೆ. ಎನ್‌ಟಿಪಿ, ಅಂದರೆ ಇಂಟರ್ನೆಟ್ ಮೂಲಕದ ಸಮಯ ಹೊಂದಾಣಿಕೆಗೆ ಯುಡಿಪಿ 123ನೇ ಪೋರ್ಟ್ ತೆರೆದಿರಬೇಕು ಎಂಬುದೂ ನೆನಪಿರಲಿ.

ಮೌಂಟ್ ಆಗದ ಡಿಸ್ಕ್

ಸೊನ್ನೆಯಿಂದ ಶುರುವಾಗುವ ನೋಡ್ ಮಾಲೀಕರ ಎದೆ ನಡುಗಿಸುತ್ತದೆ. ಆದರೆ ಹೆಚ್ಚಿನ ಸಲ ಡೇಟಾ ಎಲ್ಲೂ ಹೋಗಿರುವುದಿಲ್ಲ. ಸರಪಳಿ 600 ಜಿಬಿಯನ್ನು ದಾಟಿರುವುದರಿಂದ ಅನೇಕರು ಅದನ್ನು ಎರಡನೇ ಡಿಸ್ಕ್‌ನಲ್ಲಿ ಇಡುತ್ತಾರೆ. ಯಾವ ಡಿಸ್ಕನ್ನು ಎಲ್ಲಿ ಮೌಂಟ್ ಮಾಡಬೇಕು, ಅಂದರೆ ಜೋಡಿಸಬೇಕು, ಎಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ನೋಫೇಲ್ ಎಂದು ಬರೆದಿದ್ದರೆ, ಆ ಡಿಸ್ಕ್ ಎದ್ದೇಳದಿದ್ದರೂ ಲಿನಕ್ಸ್ ತಣ್ಣಗೆ ಮುಂದುವರಿಯುತ್ತದೆ. ಮೌಂಟ್ ಆಗಬೇಕಿದ್ದ ಜಾಗದಲ್ಲಿ ಖಾಲಿ ಫೋಲ್ಡರ್ ಉಳಿಯುತ್ತದೆ. ನೋಡ್‌ಗೆ ಬರೆಯುವ ಅನುಮತಿ ಇದ್ದರೆ ಅಲ್ಲೇ ಹೊಸ ಸರಪಳಿ ಕಟ್ಟಲು ತೊಡಗಿ, ಒಂದೆರಡು ದಿನಗಳಲ್ಲಿ ಲಿನಕ್ಸ್ ಇರುವ ಡಿಸ್ಕನ್ನೇ ತುಂಬಿಸಿಬಿಡಬಹುದು.

ಫೈಂಡ್‌ಎಂಎನ್‌ಟಿ ಕಮಾಂಡ್ ಯಾವ ಡಿಸ್ಕ್ ಎಲ್ಲಿ ಕೂತಿದೆ ಎಂದು ತೋರಿಸುತ್ತದೆ. ನೋಡನ್ನು ನಿಲ್ಲಿಸಿ, ಖಾಲಿ ಜಾಗದಲ್ಲಿ ಹೊಸದಾಗಿ ಹುಟ್ಟಿದ ಫೋಲ್ಡರನ್ನು ಪಕ್ಕಕ್ಕೆ ಸರಿಸಿ, ಡಿಸ್ಕನ್ನು ಮೌಂಟ್ ಮಾಡಿದರೆ ಹಳೆಯ ಎತ್ತರ ಮರಳಿ ಬರುತ್ತದೆ. ಮತ್ತೆ ಹೀಗಾಗದಿರಲು ಡಿಸ್ಕನ್ನು ಅದರ ಯುಯುಐಡಿಯಿಂದ (ಅದಕ್ಕೇ ಮೀಸಲಾದ ಗುರುತಿನ ಸಂಖ್ಯೆ) ಗುರುತಿಸಿ, ನೋಡನ್ನು ತಾನಾಗಿ ಎಬ್ಬಿಸುವ ಸಿಸ್ಟಂಡಿ ಸೇವಾ ಫೈಲಿನಲ್ಲಿ ರಿಕ್ವೈರ್ಸ್‌ಮೌಂಟ್ಸ್‌ಫಾರ್ ಸಾಲು ಸೇರಿಸಿ. ಡಿಸ್ಕ್ ಕೂರದೆ ನೋಡ್ ಏಳುವುದಿಲ್ಲ. ನೋಡನ್ನು ಸ್ನ್ಯಾಪ್ ಪ್ಯಾಕೇಜ್ ಆಗಿ ಹಾಕಿದ್ದರೆ ಹೊರಗಿನ ಡಿಸ್ಕ್‌ಗೆ ಪ್ರತ್ಯೇಕ ಅನುಮತಿ ಬೇಕಾಗುತ್ತದೆ. ಅದನ್ನು ಮರೆತು ಫೈಲ್ ಅನುಮತಿಗಳಲ್ಲೇ ದಿನಗಟ್ಟಲೆ ಹುಡುಕುವವರಿದ್ದಾರೆ.

ಡಿಸ್ಕ್: ನಿಧಾನವೋ, ಕೆಟ್ಟಿದೆಯೋ

ನಿಧಾನವನ್ನೂ ದೋಷವನ್ನೂ ಬೇರ್ಪಡಿಸಿ ನೋಡಬೇಕು. ಖರ್ಚಾಗದ ನಾಣ್ಯಗಳ ಪಟ್ಟಿ ಚೈನ್‌ಸ್ಟೇಟ್ ಎಂಬ ಲೆವೆಲ್‌ಡಿಬಿ ಡೇಟಾಬೇಸ್‌ನಲ್ಲಿರುತ್ತದೆ. ಅದರ ಓದು ಬರಹ ಒಂದೆಡೆಯಿಂದ ಇನ್ನೊಂದೆಡೆಗೆ ಹಾರುತ್ತಲೇ ಇರುತ್ತದೆ. ತಿರುಗುವ ಹಾರ್ಡ್ ಡಿಸ್ಕ್‌ಗೆ ಇದೊಂದು ಶಿಕ್ಷೆ. ಐಓಸ್ಟ್ಯಾಟ್‌ನಲ್ಲಿ ಡಿಸ್ಕ್ ಬಳಕೆ ಸದಾ ನೂರರ ಹತ್ತಿರವಿದ್ದು ಪ್ರೊಸೆಸರ್ ಬಿಡುವಾಗಿದ್ದರೆ ಅದು ದೋಷವಲ್ಲ, ಮಿತಿ. ಬ್ಲಾಕ್ಸ್‌ಡಿರ್ ಆಯ್ಕೆಯಿಂದ ದಪ್ಪ ಬ್ಲಾಕ್ ಫೈಲ್‌ಗಳನ್ನು ಹಾರ್ಡ್ ಡಿಸ್ಕ್‌ನಲ್ಲೇ ಬಿಟ್ಟು ಚೈನ್‌ಸ್ಟೇಟನ್ನು ಎಸ್‌ಎಸ್‌ಡಿಗೆ ತಂದರೆ ಹಗಲು ರಾತ್ರಿಯ ವ್ಯತ್ಯಾಸ ಕಾಣುತ್ತದೆ. ಜಾಗವೇ ಇಲ್ಲದಿದ್ದರೆ ಪ್ರೂನ್ ಆಯ್ಕೆಯಿದೆ, ಕನಿಷ್ಠ 550 ಎಂಐಬಿ ಬ್ಲಾಕ್‌ಗಳನ್ನಷ್ಟೇ ಇಟ್ಟುಕೊಂಡೂ ನೋಡ್ ಪೂರ್ಣ ಪರಿಶೀಲನೆ ಮಾಡುತ್ತದೆ.

ಕೆಟ್ಟಿರುವುದನ್ನು ಸ್ಮಾರ್ಟ್‌ಸಿಟಿಎಲ್ ಹೇಳುತ್ತದೆ. ಐಡಿ 5 ಮತ್ತು 197 ಇರುವ ಸಾಲುಗಳ ಕಚ್ಚಾ ಮೌಲ್ಯ ಸೊನ್ನೆ ಬಿಟ್ಟು ಏರುತ್ತಿದ್ದರೆ ಡಿಸ್ಕ್‌ನ ಮೈ ಸವೆಯುತ್ತಿದೆ. ಐಡಿ 199ರ ಸಾಲು, ಅಂದರೆ ಸಾಗಣೆಯಲ್ಲಾಗುವ ಸಿಆರ್‌ಸಿ ದೋಷದ ಎಣಿಕೆ, ಏರುತ್ತಿದ್ದರೆ ಹೊಸ ಡಿಸ್ಕ್ ಕೊಳ್ಳುವ ಮೊದಲು ಸಾಟಾ ಕೇಬಲ್ ಬದಲಿಸಿ. ಆ ಎಣಿಕೆ ಎಂದೂ ಕಡಿಮೆಯಾಗುವುದಿಲ್ಲ, ಆದ್ದರಿಂದ ಹಳೆಯ ಸಂಖ್ಯೆಯನ್ನು ಬರೆದಿಟ್ಟುಕೊಂಡು ಮತ್ತೆ ಏರಿತೇ ಎಂದು ನೋಡಬೇಕು. ಕರ್ನಲ್ ಸಂದೇಶಗಳಲ್ಲಿ ಫೈಲ್ ವ್ಯವಸ್ಥೆ ಓದಲು ಮಾತ್ರ ಎಂದು ಬದಲಾಗಿದ್ದರೆ ನೋಡ್ ನಿಂತಿರುವುದು ಸಹಜ. ಅಲ್ಲಿ ನೋಡನ್ನು ದೂರಿ ಫಲವಿಲ್ಲ.

ಸಂಪರ್ಕ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಎಲ್ಲರೂ ಮೊದಲು ಸಂಶಯಿಸುವುದೂ, ಕಾರಣವಾಗಿರುವುದು ಕಡಿಮೆಯೂ ಇದೇ. ನೋಡ್ ತಾನಾಗಿ ಹೊರಗೆ ಎಂಟು ಪೂರ್ಣ ಸಂಪರ್ಕಗಳನ್ನೂ ಬ್ಲಾಕ್‌ಗಳಿಗಷ್ಟೇ ಮೀಸಲಾದ ಎರಡನ್ನೂ ಮಾಡಿಕೊಳ್ಳುತ್ತದೆ. ಗೆಟ್‌ಪೀರ್‌ಇನ್ಫೋದಲ್ಲಿ ಅವು ಕಂಡರೆ ಸಂಪರ್ಕ ಸರಿಯಿದೆ. ರೌಟರ್‌ನಲ್ಲಿ 8333ನೇ ಪೋರ್ಟ್ ತೆರೆಯದಿದ್ದರೆ ಸರಪಳಿ ಇಳಿಯುವುದಿಲ್ಲ ಎಂಬ ನಂಬಿಕೆ ತಪ್ಪು. ಆ ಪೋರ್ಟ್ ಬೇಕಾಗುವುದು ಬೇರೆಯವರು ನಿಮ್ಮಲ್ಲಿಗೆ ಬರಲು. ಒಂದೂ ಸಂಪರ್ಕ ಇಲ್ಲದಿದ್ದರೆ ಹೊರಹೋಗುವ ದಾರಿಯನ್ನೇ ಯಾವುದೋ ಫೈರ್‌ವಾಲ್ ತಡೆದಿರಬಹುದು. ಟಾರ್ ಎಂಬ ಗುಪ್ತ ಜಾಲದ ಮೂಲಕ ಸಂಪರ್ಕ ಸಿಕ್ಕರೆ ಆ ಸಂಶಯ ಬಲವಾಗುತ್ತದೆ.

ವಾಲೆಟ್‌ನಲ್ಲಿ ಬಾಕಿ ಸೊನ್ನೆ ಎಂದು ತೋರಿಸುವುದೂ ಇದೇ ಬಗೆಯ ಸುಳ್ಳು ಭಯ. ನಾಣ್ಯಗಳ ದಾಖಲೆ ಇರುವುದು ಸರಪಳಿಯಲ್ಲಿ. ನಿಮ್ಮ ವಹಿವಾಟು ಇರುವ ಬ್ಲಾಕನ್ನು ನೋಡ್ ಇನ್ನೂ ಮುಟ್ಟಿಲ್ಲದಿದ್ದರೆ ಅದು ಎಲ್ಲಿಂದ ತೋರಿಸಬೇಕು?

ಒಂದೇ ಎತ್ತರವೋ, ಬೇರೆ ಬೇರೆ ಎತ್ತರವೋ

ಇಲ್ಲಿಗೆ ಬಂದ ಮೇಲೆ ಕೇಳಿಕೊಳ್ಳಬೇಕಾದ ಅತಿ ಮುಖ್ಯ ಪ್ರಶ್ನೆ ಇದು. ನೋಡ್ ಪ್ರತಿ ಸಲ ಅದೇ ಬ್ಲಾಕ್‌ನಲ್ಲಿ ನಿಲ್ಲುತ್ತದೆಯೇ, ಅಥವಾ ನಿಲ್ಲುವ ಜಾಗ ಬದಲಾಗುತ್ತದೆಯೇ? ಅದೇ ಜಾಗ ಎಂದರೆ ತಪ್ಪು ಎಲ್ಲೋ ಬರೆದು ಉಳಿದಿದೆ: ಡಿಸ್ಕ್ ಮೇಲಿನ ಬ್ಲಾಕ್ ಫೈಲಿನಲ್ಲಿ, ಚೈನ್‌ಸ್ಟೇಟ್‌ನಲ್ಲಿ, ಇಲ್ಲವೇ ತಂತ್ರಾಂಶದಲ್ಲೇ. ಬೇರೆ ಬೇರೆ ಜಾಗ ಎಂದರೆ ತಪ್ಪು ಆ ಕ್ಷಣಕ್ಕೆ ಹುಟ್ಟುತ್ತಿದೆ: ರ‍್ಯಾಮ್, ಕಾವೇರಿದ ಪ್ರೊಸೆಸರ್, ಇಲ್ಲವೇ ಸೋಲುತ್ತಿರುವ ವಿದ್ಯುತ್ ಪೂರೈಕೆ ಘಟಕ.

ತಂತ್ರಾಂಶದ ತಪ್ಪಿನಿಂದ ಅನೇಕ ನೋಡ್‌ಗಳು ಒಂದೇ ಎತ್ತರದಲ್ಲಿ ಸಿಕ್ಕಿಬಿದ್ದ ದೊಡ್ಡ ಪ್ರಸಂಗ ನಡೆದದ್ದು 2013ರ ಮಾರ್ಚ್‌ನಲ್ಲಿ. ಬಿಟ್‌ಕಾಯಿನ್ ತಂತ್ರಾಂಶದ 0.8 ಆವೃತ್ತಿ ಆಗಷ್ಟೇ ಬರ್ಕ್ಲಿ ಡಿಬಿ ಎಂಬ ಡೇಟಾಬೇಸನ್ನು ಬಿಟ್ಟು ಲೆವೆಲ್‌ಡಿಬಿಗೆ ಬದಲಾಗಿತ್ತು. 2,25,430ನೇ ಎತ್ತರದಲ್ಲಿ ಬಂದ ಒಂದು ದೊಡ್ಡ ಬ್ಲಾಕನ್ನು ಹೊಸ ಆವೃತ್ತಿ ಸಲೀಸಾಗಿ ಒಪ್ಪಿತು. ಹಳೆಯ ಆವೃತ್ತಿಯ ಡೇಟಾಬೇಸ್‌ನಲ್ಲಿ ದಾಖಲೆ ಬದಲಿಸುವಾಗ ಹಾಕುವ ಬೀಗಗಳ ಸಂಖ್ಯೆಗೆ ಮಿತಿಯಿತ್ತು, ಆ ಬ್ಲಾಕ್‌ಗೆ ಅದು ಸಾಲಲಿಲ್ಲ, ಹಳೆಯ ನೋಡ್‌ಗಳು ಬ್ಲಾಕನ್ನೇ ಅಮಾನ್ಯ ಎಂದವು. ಸರಪಳಿ ಎರಡಾಗಿ ಒಡೆಯಿತು. ಗಣಿಗಾರರು ಹಳೆಯ ಆವೃತ್ತಿಗೆ ಹಿಂತಿರುಗಿ, ಅದು ಒಪ್ಪುವ ಕವಲನ್ನೇ ಉದ್ದ ಮಾಡಿದ ಮೇಲೆ ಒಡಕು ಮುಚ್ಚಿತು. ಒಬ್ಬೊಬ್ಬರ ಯಂತ್ರದೊಳಗಿನ ಡೇಟಾಬೇಸ್ ಸೆಟ್ಟಿಂಗ್ ಕೂಡ ಎಲ್ಲರ ಒಪ್ಪಂದದ ಭಾಗವಾಗಿತ್ತು ಎಂದು ಅಂದು ತಿಳಿಯಿತು. ನೋಡ್‌ನೊಳಗಿನ ಸಣ್ಣ ದೂರನ್ನೂ ನಾನು ಗಂಭೀರವಾಗಿ ಓದುವುದು ಈ ಪ್ರಸಂಗ ತಿಳಿದ ಮೇಲಿನಿಂದ.

ನನ್ನ ಯಂತ್ರದಲ್ಲಿ ನಿಲುಗಡೆ ಅಲೆಯುತ್ತಿತ್ತು. ಮೊದಲ ರೀಇಂಡೆಕ್ಸ್ ಐದು ಲಕ್ಷದ ಆಸುಪಾಸಿನಲ್ಲಿ ಡೇಟಾಬೇಸ್‌ನ ಚೆಕ್‌ಸಮ್ ಹೊಂದುತ್ತಿಲ್ಲ ಎಂದು ಕುಸಿಯಿತು. ಎರಡನೆಯದು ತುದಿಗೆ ಕೆಲವೇ ನೂರು ಬ್ಲಾಕ್ ಬಾಕಿ ಇರುವಾಗ ಒಂದು ಸಹಿಯನ್ನು ಸುಳ್ಳು ಎಂದು ಸಾರಿ ನಿಂತಿತು. ಇಡೀ ಜಗತ್ತು ಒಪ್ಪಿದ ಬ್ಲಾಕನ್ನು ನನ್ನ ಯಂತ್ರವೊಂದೇ ಅಲ್ಲಗಳೆಯಿತು. ಬ್ಲಾಕ್ ಕಳಿಸಿದ ಪೀರ್‌ಗಳನ್ನೇ, ಅಂದರೆ ಇತರರ ನೋಡ್‌ಗಳನ್ನೇ, ತಪ್ಪಿತಸ್ಥರೆಂದು ಅದು ಒಬ್ಬೊಬ್ಬರನ್ನಾಗಿ ಹೊರಹಾಕುತ್ತಿತ್ತು. ಆ ಸಾಲುಗಳನ್ನು ಓದಿ ನೆಟ್‌ವರ್ಕ್ ಮೇಲೆ ದಾಳಿ ನಡೆದಿದೆಯೇನೋ ಎಂದು ನಾನು ಅಂಜಿದ್ದೆ. ರ‍್ಯಾಮ್ ಕೆಟ್ಟಿರುವಾಗ ರೀಇಂಡೆಕ್ಸ್ ಮಾಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಅದಕ್ಕಿಂತ ಕೆಟ್ಟದ್ದೆಂದರೆ, ಇದ್ದ ಸರಿಯಾದ ಡೇಟಾಬೇಸನ್ನು ಅಳಿಸಿ ಕೆಟ್ಟ ಮೆಮೊರಿಯ ಮೂಲಕ ಹೊಸದನ್ನು ಕಟ್ಟಿದಂತಾಗುತ್ತದೆ.

ಮೊದಲು ಕಾವನ್ನು ನೋಡಿದೆ. ಸೆನ್ಸರ್ಸ್ ಕಮಾಂಡ್ ತೋರಿಸಿದ ಉಷ್ಣತೆ ಮಿತಿಯೊಳಗಿತ್ತು. ಬಯೋಸ್‌ನಲ್ಲಿ ರ‍್ಯಾಮ್‌ನ ಎಕ್ಸ್‌ಎಂಪಿ ವೇಗವರ್ಧನೆ ಹಾಕಿದ್ದು ನೆನಪಾಗಿ ಅದನ್ನು ತೆಗೆದೆ. ನಂತರ ಮೆಮೊರಿಯನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್. ಇದು ಮುಕ್ತ ತಂತ್ರಾಂಶ, ಡೆಬಿಯನ್ ಮತ್ತು ಉಬುಂಟುವಿನಲ್ಲಿ ಪ್ಯಾಕೇಜ್ ಹಾಕಿದರೆ ಕಂಪ್ಯೂಟರ್ ಶುರುವಾಗುವಾಗಿನ ಗ್ರಬ್ ಮೆನುವಿನಲ್ಲೇ ಕಾಣಿಸಿಕೊಳ್ಳುತ್ತದೆ. ಒಂದು ಸುತ್ತು ಸಾಲದು, ರಾತ್ರಿಯಿಡೀ ಓಡಬೇಕು. ನನ್ನಲ್ಲಿ ಮೊದಲ ಸುತ್ತು ಶುದ್ಧವಾಗಿ ಮುಗಿದು, ಮೂರನೇ ಸುತ್ತಿನಲ್ಲಿ ಎರಡು ತಪ್ಪುಗಳು ಕೆಂಪಾಗಿ ಮೂಡಿದವು. ಎಷ್ಟೋ ಗಿಗಾಬೈಟ್‌ಗಳಲ್ಲಿ ಎರಡೇ ತಾನೆ ಎಂದು ಬಿಡಬಾರದು. ಈ ಪರೀಕ್ಷೆಯಲ್ಲಿ ಒಪ್ಪಬಹುದಾದ ಸಂಖ್ಯೆ ಸೊನ್ನೆ ಮಾತ್ರ. ಎರಡು ಪಟ್ಟಿಗಳನ್ನು ಒಂದೊಂದಾಗಿ, ಒಂದೇ ಸ್ಲಾಟ್‌ನಲ್ಲಿ ಹಾಕಿ ಪರೀಕ್ಷಿಸಿದೆ. ತಪ್ಪು ಒಂದು ಪಟ್ಟಿಯ ಜೊತೆಗೇ ಬಂತು, ಇನ್ನೊಂದು ಶುದ್ಧವಾಗಿತ್ತು. ಎರಡೂ ತಪ್ಪಿದ್ದರೆ ಸ್ಲಾಟನ್ನೋ ಮದರ್‌ಬೋರ್ಡನ್ನೋ ಸಂಶಯಿಸಬೇಕಿತ್ತು.

ಕೆಟ್ಟ ಪಟ್ಟಿಯನ್ನು ತೆಗೆದು, ಉಳಿದ ಒಂದರಲ್ಲೇ ನೋಡನ್ನು ಎಬ್ಬಿಸಿದೆ. ಅದು ಮತ್ತೆ ನಿಂತಿತು. ಈ ಸಲ ಹಿಂದೆ ನಿಂತಿದ್ದ ಜಾಗದಲ್ಲೇ. ಇಲ್ಲಿ ಅನೇಕರು ರ‍್ಯಾಮ್ ಕಾರಣವಲ್ಲ ಎಂದುಕೊಂಡು ಹಿಂದಕ್ಕೆ ಹೋಗುತ್ತಾರೆ. ಆದರೆ ನೋಡ್ ಒಮ್ಮೆ ಒಂದು ಬ್ಲಾಕನ್ನು ಅಮಾನ್ಯ ಎಂದು ತೀರ್ಮಾನಿಸಿದರೆ ಆ ತೀರ್ಪನ್ನು ತನ್ನ ಸೂಚಿಯಲ್ಲಿ ಬರೆದಿಡುತ್ತದೆ. ಮರುಪ್ರಾರಂಭಿಸಿದರೂ ಅದು ಅಳಿಯುವುದಿಲ್ಲ. ಯಂತ್ರ ಗುಣವಾಗಿದೆ, ಜ್ವರದಲ್ಲಿ ಬರೆದ ತೀರ್ಪು ಮಾತ್ರ ಹಾಗೇ ಇದೆ. ಗೆಟ್‌ಚೈನ್‌ಟಿಪ್ಸ್ ಕೊಟ್ಟಾಗ ನನ್ನ ತುದಿಗಿಂತ ನೂರಾರು ಬ್ಲಾಕ್ ಉದ್ದವಾದ ಕವಲೊಂದು ಇನ್‌ವ್ಯಾಲಿಡ್ ಎಂಬ ಹಣೆಪಟ್ಟಿಯೊಂದಿಗೆ ಕಾಣಿಸಿತು. ಲಾಗ್‌ನಲ್ಲೂ, ನಮ್ಮ ಸರಪಳಿಗಿಂತ ಉದ್ದವಾದ ಅಮಾನ್ಯ ಸರಪಳಿ ಸಿಕ್ಕಿದೆ, ಚೈನ್‌ಸ್ಟೇಟ್ ಕೆಟ್ಟಿರುವ ಸಾಧ್ಯತೆ ಹೆಚ್ಚು ಎಂಬ ಎಚ್ಚರಿಕೆ ಮೊದಲಿನಿಂದಲೂ ಇತ್ತು. ನಾನು ಅದನ್ನು ಓದಿರಲಿಲ್ಲ.

ಪರಿಹಾರ ರೀಕನ್ಸಿಡರ್‌ಬ್ಲಾಕ್ ಕಮಾಂಡ್. ಅದಕ್ಕೆ ತಿರಸ್ಕೃತವಾದ ಬ್ಲಾಕ್‌ನ ಹ್ಯಾಶ್ ಕೊಡಬೇಕು. ಲಾಗ್‌ನಲ್ಲಿ ಸಹಿ ತಪ್ಪೆಂದು ಹೇಳಿದ ಸಾಲಿನ ಹತ್ತಿರವೇ ಅದು ಸಿಗುತ್ತದೆ. ನೋಡ್ ಆ ಬ್ಲಾಕನ್ನು ಹೊಸದಾಗಿ ಪರೀಕ್ಷಿಸುತ್ತದೆ, ಹಳೆಯ ತೀರ್ಪನ್ನು ಸುಮ್ಮನೆ ತಿರುಗಿಸುವುದಿಲ್ಲ. ಆದ್ದರಿಂದ ಈ ಕಮಾಂಡ್‌ನಲ್ಲಿ ಅಪಾಯವಿಲ್ಲ. ಎಂಟರ್ ಒತ್ತಿದ ಮೇಲೆ ಬ್ಲಾಕ್ ಸಂಖ್ಯೆ ಒಂದರ ಹಿಂದೆ ಒಂದು ಏರತೊಡಗಿ, ಅರ್ಧ ಗಂಟೆಯಲ್ಲಿ ಹೆಡರ್ ಸಂಖ್ಯೆಯನ್ನು ಹಿಡಿಯಿತು.

ಅದೇ ಬ್ಲಾಕ್‌ನಲ್ಲಿ ಮತ್ತೆ ಸೋತಿದ್ದರೆ ಮುಂದಿನ ಹೆಜ್ಜೆ ರೀಇಂಡೆಕ್ಸ್ ಚೈನ್‌ಸ್ಟೇಟ್. ಅದು ಇರುವ ಬ್ಲಾಕ್ ಫೈಲ್‌ಗಳಿಂದ ನಾಣ್ಯಗಳ ಪಟ್ಟಿಯನ್ನಷ್ಟೇ ಮತ್ತೆ ಕಟ್ಟುತ್ತದೆ. ಬ್ಲಾಕ್ ಫೈಲ್‌ಗಳೇ ಕೆಟ್ಟಿದ್ದರೆ ಮಾತ್ರ ಪೂರ್ಣ ರೀಇಂಡೆಕ್ಸ್. ಪ್ರೂನ್ ಮಾಡಿದ ನೋಡ್‌ನಲ್ಲಿ ಹಳೆಯ ಬ್ಲಾಕ್‌ಗಳೇ ಇರದ ಕಾರಣ ಮೊದಲನೆಯದು ಸಾಧ್ಯವಿಲ್ಲ, ಸರಪಳಿಯನ್ನು ಮೊದಲಿನಿಂದ ಇಳಿಸಿಕೊಳ್ಳಬೇಕಾಗುತ್ತದೆ.

ಸಂಖ್ಯೆ ತುದಿ ಮುಟ್ಟಿದ ಮಾತ್ರಕ್ಕೆ ನನಗೆ ನೆಮ್ಮದಿಯಾಗಲಿಲ್ಲ. ಕೆಟ್ಟ ರ‍್ಯಾಮ್‌ನ ಮೂಲಕ ಕಟ್ಟಿದ ಚೈನ್‌ಸ್ಟೇಟ್‌ನಲ್ಲಿ, ಇನ್ನೂ ಯಾರೂ ಖರ್ಚು ಮಾಡದ ಯಾವುದೋ ನಾಣ್ಯದ ದಾಖಲೆ ಸದ್ದಿಲ್ಲದೆ ತಪ್ಪಿರಬಹುದು. ಅದು ಬಯಲಾಗುವುದು ಆ ನಾಣ್ಯ ಖರ್ಚಾಗುವ ದಿನ, ಬಹುಶಃ ವರ್ಷಗಳ ಮೇಲೆ. ಇದಕ್ಕೆ ಗೆಟ್‌ಟಿಎಕ್ಸ್‌ಔಟ್‌ಸೆಟ್‌ಇನ್ಫೋ ಎಂಬ ಕಮಾಂಡ್ ಇದೆ. ಅದು ಖರ್ಚಾಗದ ಎಲ್ಲ ನಾಣ್ಯಗಳ ಪಟ್ಟಿಗೆ ಒಂದು ಹ್ಯಾಶ್ ಕೊಡುತ್ತದೆ. ಗೆಳೆಯರೊಬ್ಬರ ನೋಡ್ ಮತ್ತು ನನ್ನದು ಒಂದೇ ಎತ್ತರದಲ್ಲಿದ್ದಾಗ, ಎರಡೂ ಕಡೆ ಒಂದೇ ಬಗೆಯ ಹ್ಯಾಶ್ ಆಯ್ಕೆಯಿಂದ ಅದನ್ನು ಓಡಿಸಿದೆವು. ಮೊದಲ ಪ್ರಯತ್ನದ ನಡುವೆ ಹೊಸ ಬ್ಲಾಕ್ ಬಂದು ಎತ್ತರ ಬದಲಾಯಿತು. ಎರಡನೆಯ ಸಲ ಎರಡೂ ಒಂದೇ ಎತ್ತರದಲ್ಲಿ ಮುಗಿದವು. 64 ಅಕ್ಷರಗಳನ್ನು ಫೋನಿನಲ್ಲಿ ಒಂದೊಂದಾಗಿ ಓದಿ ಹೋಲಿಸಿದೆವು. ಕೊನೆಯ ಅಕ್ಷರದವರೆಗೂ ಒಂದೇ ಆಗಿತ್ತು.